ನಮ್ಮ ಊಟ, ನಮ್ಮ ಹೆಸರು



ಇವತ್ತು ನಿಮ್ಮ ಮನೆಯಲ್ಲಿ ಏನು ಅಡುಗೆ?

ಕುಚ್ಚಲಕ್ಕಿ ಗಂಜಿಯಾ? ಬಸಳೆ ಪದಾರ್ಥವಾ? ಹಲಸಿನ ಬೀಜದ ಪಲ್ಯವಾ? ಅಥವಾ ನೀರುದೋಸೆ, ಚಟ್ನಿಯಾ?

"ಇದರಲ್ಲಿ ಏನು ವಿಶೇಷ? ದಿನಾ ಮಾಡುವುದೇ ಅಲ್ವಾ?" ಎಂದು ನೀವು ಕೇಳಬಹುದು.

ವಿಶೇಷ ಉಂಟು. ಆ ಅಕ್ಕಿಯನ್ನು ಯಾರೋ ಗದ್ದೆಯಲ್ಲಿ ಬೆಳೆದಿದ್ದಾರೆ. ಆ ಬಸಳೆಗೆ ಯಾರೋ ಚಪ್ಪರ ಹಾಕಿದ್ದಾರೆ. ಹೇಗೆ ಬೇಯಿಸಬೇಕು ಎಂದು ನಿಮ್ಮ ಅಮ್ಮನೋ ಅಜ್ಜಿಯೋ ಹೇಳಿಕೊಟ್ಟಿದ್ದಾರೆ. ಆದರೆ ಅವರ ಹೆಸರು ಎಲ್ಲಿಯಾದರೂ ಬರೆದಿದೆಯಾ? ಇಲ್ಲ.

ಊಟ ನಮ್ಮದು. ಹೆಸರು ಮಾತ್ರ ಕಾಣುವುದಿಲ್ಲ. ಈ ಪಾಠ ಆ ಹೆಸರಿನ ಬಗ್ಗೆ.

ಸಿದ್ಧಕಟ್ಟೆಯ ಸುತ್ತಮುತ್ತ

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆ ಸಿಗುತ್ತದೆ. ಬೆಳ್ತಂಗಡಿ ತಾಲೂಕೂ ಇಲ್ಲಿಗೆ ಹತ್ತಿರ. ಗುಡ್ಡೆ, ಗದ್ದೆ, ಅಡಿಕೆ ತೋಟ ಇರುವ ಊರು. ಇಂಥ ಊರಿನಲ್ಲಿ ವರ್ಷವಿಡೀ ತಿನ್ನುವುದಕ್ಕೆ ಏನಾದರೂ ಇದ್ದೇ ಇರುತ್ತದೆ.

ಬೇಸಿಗೆಯಲ್ಲಿ ಗುಜ್ಜೆ ಬರುತ್ತದೆ. ಗುಜ್ಜೆ ಬಲಿತರೆ ಹಪ್ಪಳ. ಹಣ್ಣಾದರೆ ಗಟ್ಟಿ, ಪಾಯಸ. ಉಳಿದ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಇಡುತ್ತೇವೆ. ಕಾಡುಮಾವಿನ ಹಣ್ಣು ಬರುತ್ತದೆ. ಪುನರ್ಪುಳಿ ಬರುತ್ತದೆ. ಅದರ ಸಿಪ್ಪೆ ಒಣಗಿಸಿ ಇಡುತ್ತೇವೆ.

ಮಳೆ ಹಿಡಿದರೆ ಕಣಿಲೆ ಬರುತ್ತದೆ. ಕೆಸುವಿನ ಎಲೆ ಬರುತ್ತದೆ. ಪತ್ರೊಡೆ ಮಾಡುತ್ತೇವೆ. ಆಟಿ ತಿಂಗಳಲ್ಲಿ ಗದ್ದೆಯ ಅಂಚಿನ ಸೊಪ್ಪುಗಳೇ ನಮಗೆ ತರಕಾರಿ. ಬೇಸಿಗೆಯಲ್ಲಿ ಬೆಳೆದ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ನೇತು ಹಾಕಿರುತ್ತೇವೆ. ಅದು ಮಳೆಗಾಲದಲ್ಲಿ ಕೈ ಹಿಡಿಯುತ್ತದೆ.

ಇದನ್ನೆಲ್ಲ ಯಾವ ಶಾಲೆಯಲ್ಲಿ ಕಲಿತಿರಿ? ಯಾವ ಶಾಲೆಯಲ್ಲೂ ಅಲ್ಲ. ಅಡುಗೆಮನೆಯಲ್ಲಿ ಕಲಿತಿರಿ. ಇದು ದೊಡ್ಡ ತಿಳಿವಳಿಕೆ. ಬರೆದಿಡದಿದ್ದರೆ ಅಜ್ಜಿಯ ಜೊತೆಗೇ ಹೋಗಿಬಿಡುತ್ತದೆ.

ಜಗಲಿಯ ಮಾತು

ಒಂದು ಮನೆಯ ಜಗಲಿಯನ್ನು ನೆನೆಸಿಕೊಳ್ಳಿ. ಅತ್ತೆ ಹಪ್ಪಳ ಒಣಗಿಸುತ್ತಿದ್ದಾರೆ. ಸೊಸೆಯ ಕೈಯಲ್ಲಿ ಒಂದು ಪ್ಯಾಕೆಟ್ ಇದೆ.

"ಅತ್ತೆ, ಇದು ನೋಡಿ. ಬೆಂಗಳೂರಿನಿಂದ ನನ್ನ ಅಣ್ಣ ತಂದದ್ದು. ಹಲಸಿನ ಹಪ್ಪಳ."

"ಅಯ್ಯೋ, ಹಲಸಿನ ಹಪ್ಪಳವನ್ನು ಬೆಂಗಳೂರಿನಿಂದ ತರುವುದಾ? ಎಷ್ಟು ಕ್ರಯ?"

ಸೊಸೆ ಪ್ಯಾಕೆಟ್ ಮೇಲಿನ ಕ್ರಯ ಓದಿದರು. ಅತ್ತೆ ಸುಮ್ಮನಾದರು. ಅವರು ಅಂಗಡಿಗೆ ಕೊಡುವ ಹಪ್ಪಳಕ್ಕೆ ಅದರ ಅರ್ಧವೂ ಸಿಗುತ್ತಿರಲಿಲ್ಲ.

"ಇದು ನಮ್ಮ ಕಡೆಯದ್ದೇ ಇರಬಹುದಾ ಮಗಾ?"

"ಇರಬಹುದು ಅತ್ತೆ. ಮಾಡಿದವರ ಹೆಸರು ಇದರಲ್ಲಿ ಇಲ್ಲ. ಊರಿನ ಹೆಸರೂ ಇಲ್ಲ. ಮಾರುವವರ ಹೆಸರು ಮಾತ್ರ ಉಂಟು."

"ಹಾಗಾದರೆ ನಾವು ಮಾಡಿದ್ದು ಅಂತ ತಿಂದವರಿಗೆ ಗೊತ್ತಾಗುವುದು ಹೇಗೆ?"

"ನಾವೇ ಬರೆಯಬೇಕು ಅತ್ತೆ."

ಸೊಸೆ ಹೇಳಿದ್ದು ಸರಿ. ನಾವೇ ಬರೆಯಬೇಕು. ಎಲ್ಲಿ ಬರೆಯುವುದು? ಈಗ ಅದಕ್ಕೆ ಒಂದು ದಾರಿ ಇದೆ. ಅದರ ಹೆಸರು ಜಾಲತಾಣ.

ಜಾಲತಾಣ ಎಂದರೆ ಏನು?

ಜಾಲತಾಣವನ್ನು ವೆಬ್‌ಸೈಟ್ ಎಂದೂ ಕರೆಯುತ್ತಾರೆ. ಸಂತೆಯಲ್ಲಿ ಅಂಗಡಿ ಇಡುವ ಹಾಗೆ ಇದು. ಸಂತೆ ವಾರಕ್ಕೆ ಒಂದು ದಿನ ಮಾತ್ರ. ಜಾಲತಾಣ ಹಗಲೂ ರಾತ್ರಿಯೂ ತೆರೆದಿರುತ್ತದೆ. ಸಂತೆಗೆ ಹತ್ತಿರದವರು ಮಾತ್ರ ಬರುತ್ತಾರೆ. ಜಾಲತಾಣವನ್ನು ಮುಂಬಯಿಯಲ್ಲಿ ಇರುವವರೂ ನೋಡುತ್ತಾರೆ. ದುಬಾಯಿಯಲ್ಲಿ ಇರುವ ನಮ್ಮ ಊರಿನ ಮಕ್ಕಳೂ ನೋಡುತ್ತಾರೆ. ಅವರ ಕೈಯಲ್ಲಿ ಫೋನ್ ಇದ್ದರೆ ಸಾಕು.

ಜಾಲತಾಣದಲ್ಲಿ ಪುಟಗಳು ಇರುತ್ತವೆ. ನಿಮ್ಮ ಕೈಯಲ್ಲಿರುವ ಈ ಪುಸ್ತಕದ ಹಾಗೆ. ಪುಟದಲ್ಲಿ ಅಕ್ಷರ ಇರುತ್ತದೆ. ಚಿತ್ರ ಇರುತ್ತದೆ. ಧ್ವನಿಯನ್ನೂ ಸೇರಿಸಬಹುದು. ಕನ್ನಡದಲ್ಲೇ ಬರೆಯಬಹುದು. ತುಳು ಮಾತನ್ನು ಕನ್ನಡ ಅಕ್ಷರದಲ್ಲಿ ಬರೆಯಬಹುದು.

ಜಾಲತಾಣಕ್ಕೆ ಎರಡು ಬಾಡಿಗೆ ಕೊಡಬೇಕು. ಒಂದು ಹೆಸರಿನ ಬಾಡಿಗೆ. ಇನ್ನೊಂದು ಪುಟಗಳನ್ನು ಇಡುವ ಜಾಗದ ಬಾಡಿಗೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕಟ್ಟಬೇಕು. ಕಟ್ಟಲು ಮರೆತರೆ ಆ ಹೆಸರು ಬೇರೆಯವರ ಪಾಲಾಗಬಹುದು.

ಬಾಡಿಗೆ ಇಲ್ಲದ ದಾರಿಯೂ ಇದೆ. ವಾಟ್ಸಾಪ್‌ನಲ್ಲಿ ಗುಂಪು ಮಾಡಬಹುದು. ಮೊದಲು ಅಲ್ಲಿ ಶುರು ಮಾಡಿ, ಅಭ್ಯಾಸವಾದ ಮೇಲೆ ಜಾಲತಾಣ ತೆರೆಯಬಹುದು.

"ಇದೆಲ್ಲ ಓದಿದವರ ಕೆಲಸ. ನಮಗೆ ಆಗುತ್ತದಾ?" ಎಂದು ಅನುಮಾನವಾ? ಹಾಗಾದರೆ ಈ ಕತೆ ಕೇಳಿ. ಇದು ನಡೆದ ಸಂಗತಿ.

ಬಾಳೆಕಾಯಿ ಹುಡಿಯ ಕತೆ

2021ನೇ ಇಸವಿ. ಕೊರೋನಾ ಕಾಲ. ಪೇಟೆ ಬಂದ್ ಆಗಿತ್ತು. ಬಾಳೆಕಾಯಿಗೆ ಕ್ರಯ ಬಿದ್ದುಹೋಗಿತ್ತು. ಗೊನೆ ಕಡಿದು ಸಾಗಿಸುವ ಖರ್ಚೂ ಹುಟ್ಟುತ್ತಿರಲಿಲ್ಲ. ಗೊನೆಗಳು ತೋಟದಲ್ಲೇ ಹಣ್ಣಾಗಿ ಕೊಳೆಯುತ್ತಿದ್ದವು.

ನಮ್ಮ ಜಿಲ್ಲೆಯ ಪುತ್ತೂರಿನಲ್ಲಿ 1988ರಲ್ಲಿ 'ಅಡಿಕೆ ಪತ್ರಿಕೆ' ಶುರುವಾಗಿತ್ತು. ಅದು ಕೃಷಿಕರ ಪತ್ರಿಕೆ. ಕೃಷಿಕರೇ ಅದಕ್ಕೆ ಬರೆಯುತ್ತಾರೆ. 'ಕೃಷಿಕರ ಕೈಗೆ ಲೇಖನಿ' ಎಂಬುದು ಅದರ ಮಾತು. ಅದರ ಸಂಪಾದಕರು ಶ್ರೀ ಪಡ್ರೆ. ಅವರು ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡಲು ಹುರಿದುಂಬಿಸಿದರು.

'ಎನಿ ಟೈಮ್ ವೆಜಿಟೇಬಲ್' ಎಂಬ ವಾಟ್ಸಾಪ್ ಗುಂಪು ಇತ್ತು. ತರಕಾರಿ ಒಣಗಿಸಿ ಇಡುವ ಆಸಕ್ತಿ ಇದ್ದವರ ಗುಂಪು. ಬಾಳೆಕಾಯಿ ಹುಡಿ ಮಾಡುವ ಕ್ರಮವನ್ನು ಕೇರಳದಲ್ಲಿ ಮಾಡಿ ಗೊತ್ತಿದ್ದವರಿಂದ ಅಲ್ಲಿ ತಿಳಿದುಕೊಂಡರು. ಉತ್ತರ ಕನ್ನಡದ ಹೆಂಗಸರು ಮನೆಯಲ್ಲೇ ಮಾಡಿ ನೋಡಿದರು. ದಕ್ಷಿಣ ಕನ್ನಡದ ಹೆಂಗಸರೂ ಮಾಡಿದರು.

ಮಾಡುವ ಕ್ರಮ ಸುಲಭ. ಬಲಿತ ಹಸಿ ಬಾಳೆಕಾಯಿ ತೆಗೆದುಕೊಳ್ಳಬೇಕು. ತೆಳ್ಳಗೆ ಹೆಚ್ಚಬೇಕು. ಕಪ್ಪಾಗದ ಹಾಗೆ ಗಂಜಿನೀರಿನಲ್ಲೋ ಮಜ್ಜಿಗೆ ನೀರಿನಲ್ಲೋ ಹಾಕಿ ತೆಗೆಯಬೇಕು. ಮುರಿದರೆ ಲಟಕ್ ಎನ್ನುವಷ್ಟು ಒಣಗಿಸಬೇಕು. ಆಮೇಲೆ ಹುಡಿ ಮಾಡಬೇಕು. ಒಂದು ಕಿಲೊ ಹುಡಿಗೆ ಸುಮಾರು ನಾಲ್ಕೈದು ಕಿಲೊ ಬಾಳೆಕಾಯಿ ಬೇಕು.

ಇದಕ್ಕೆ ಒಂದು ಹೆಸರು ಹುಟ್ಟಿತು. ಬಾಳೆಕಾಯಿ ಹುಡಿ, ಅಂದರೆ 'ಬಾಕಾಹು'! ಮೂರೇ ಅಕ್ಷರ. ಹೇಳಲು ಸುಲಭ. ನೆನಪಿಡಲೂ ಸುಲಭ.

ಹೆಂಗಸರು ಬಾಕಾಹುವಿನಿಂದ ದೋಸೆ ಮಾಡಿದರು. ರೊಟ್ಟಿ ಮಾಡಿದರು. ಗುಲಾಬ್ ಜಾಮೂನು ಸಹ ಮಾಡಿದರು. ಚಿತ್ರ ತೆಗೆದು ಗುಂಪಿನಲ್ಲಿ ಹಾಕಿದರು. ಹೇಗೆ ಮಾಡಿದ್ದು ಎಂದು ಬರೆದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಮಾಡಿದರು. ಕೆಲವೇ ವಾರಗಳಲ್ಲಿ ಸುದ್ದಿ ರಾಜ್ಯದ ತುಂಬಾ ಹರಡಿತು. 2021ರ ಜುಲೈಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು 'ಮನ್ ಕೀ ಬಾತ್' ರೇಡಿಯೊ ಮಾತಿನಲ್ಲಿ ಈ ಎರಡು ಜಿಲ್ಲೆಯ ಹೆಂಗಸರ ವಿಷಯ ಹೇಳಿದರು.

ಇಲ್ಲಿ ಏನು ನಡೆಯಿತು, ಯೋಚಿಸಿ. ದೊಡ್ಡ ಕಾರ್ಖಾನೆ ಇರಲಿಲ್ಲ. ಜಾಹೀರಾತು ಇರಲಿಲ್ಲ. ಇದ್ದದ್ದು ಬಾಳೆಗೊನೆ, ಬಿಸಿಲು, ಫೋನ್. ಅದರ ಜೊತೆಗೆ ಬರೆಯಬಲ್ಲ ಕೈ.

ಹೆಸರಿನಿಂದ ಏನು ಲಾಭ?

ಹೆಸರಿಗೆ ಬೆಲೆ ಇದೆ. ಎರಡು ಉದಾಹರಣೆ ನೋಡೋಣ.

ಉಡುಪಿ ಜಿಲ್ಲೆಯ ಕಟಪಾಡಿಯ ಹತ್ತಿರ ಮಟ್ಟು ಎಂಬ ಊರು ಇದೆ. ಅಲ್ಲಿ ಬೆಳೆಯುವ ಗುಂಡು ಬದನೆಗೆ ಮಟ್ಟುಗುಳ್ಳ ಎಂದು ಹೆಸರು. ಸೋದೆ ಮಠದ ವಾದಿರಾಜ ಸ್ವಾಮಿಗಳು ಅದರ ಬೀಜ ಕೊಟ್ಟರು ಎಂದು ಜನರ ನಂಬಿಕೆ. ಬೇರೆ ಕಡೆಯ ಬದನೆಯನ್ನೂ ಮಟ್ಟುಗುಳ್ಳ ಎಂದು ಮಾರಿದರೆ ಬೆಳೆದವರಿಗೆ ನಷ್ಟ ಅಲ್ವಾ? 2011ರಲ್ಲಿ ಮಟ್ಟುಗುಳ್ಳಕ್ಕೆ ಸರಕಾರದಿಂದ ಊರಿನ ಗುರುತು ಸಿಕ್ಕಿತು. ಇದಕ್ಕೆ ಜಿಐ ಎನ್ನುತ್ತಾರೆ. ಆ ಹೆಸರಿನ ಹಕ್ಕು ಆ ಊರಿನ ಬೆಳೆಗಾರರದ್ದು. ಬೆಳೆಗಾರರ ಸಂಘದವರು ಗುಳ್ಳದ ಮೇಲೆ ಚೀಟಿ ಅಂಟಿಸಿ ಮಾರಿದರು. ಕೊಳ್ಳುವವರಿಗೆ ಅಸಲಿ ಯಾವುದು ಎಂದು ತಿಳಿಯಿತು.

ಇನ್ನೊಂದು ಹಲಸಿನ ಕತೆ. ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ಒಂದು ಹಲಸಿನ ಮರ ಇತ್ತು. ಅದರ ಸೊಳೆ ತಾಮ್ರದ ಬಣ್ಣದ ಕೆಂಪು. ಮರ ನೆಟ್ಟವರು ಸಿದ್ದಪ್ಪ. ಅವರ ಮಗ ಎಸ್.ಎಸ್. ಪರಮೇಶ್. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆ ಹಣ್ಣನ್ನು ಪರೀಕ್ಷೆ ಮಾಡಿದರು. ಒಳ್ಳೆಯ ತಳಿ ಎಂದು ತಿಳಿಯಿತು. ತಂದೆಯ ನೆನಪಿಗೆ 'ಸಿದ್ದು' ಹಲಸು ಎಂದು ಹೆಸರಿಟ್ಟರು. 2017ರಲ್ಲಿ ಒಪ್ಪಂದ ಆಯಿತು. ಸಸಿ ಮಾರಿದ ಹಣದಲ್ಲಿ ನೂರಕ್ಕೆ 75 ಪಾಲು ರೈತನಿಗೆ ಎಂದು ಬರೆದುಕೊಂಡರು.

ನಮ್ಮ ಗುಡ್ಡೆಯಲ್ಲೂ ಒಳ್ಳೆಯ ಹಲಸಿನ ಮರಗಳು ಇವೆ. "ಆ ಬಾವಿಕಟ್ಟೆಯ ಹತ್ತಿರದ ಮರದ್ದು ಹಪ್ಪಳಕ್ಕೆ ಒಳ್ಳೆಯದು" ಎಂದು ನಾವೇ ಹೇಳುತ್ತೇವೆ. ಆ ಮರಕ್ಕೆ ಹೆಸರಿಲ್ಲ. ಗುಣ ಬರೆದಿಟ್ಟಿಲ್ಲ. ನಾಳೆ ರಸ್ತೆಗೋ ಮನೆಗೋ ಅದನ್ನು ಕಡಿದರೆ ಆ ಗುಣವೂ ಹೋಯಿತು.

ಬೆಳೆದವರನ್ನು ನೆನೆಯೋಣ

ಅಡುಗೆ ಚೆನ್ನಾಗಿದ್ದರೆ ಮಾಡಿದವರನ್ನು ಹೊಗಳುತ್ತೇವೆ. ಬೆಳೆದವರನ್ನು ಮರೆಯುತ್ತೇವೆ. ಹಾಗೆ ಆಗಬಾರದು.

ಕಾಸರಗೋಡು ಜಿಲ್ಲೆಯ ಬೆಳೇರಿಯಲ್ಲಿ ಸತ್ಯನಾರಾಯಣ ಎಂಬ ಕೃಷಿಕರು ಇದ್ದಾರೆ. ಅವರದು ಸಣ್ಣ ಹಿಡುವಳಿ. ಆದರೂ 650ಕ್ಕೂ ಹೆಚ್ಚು ಹಳೆಯ ಭತ್ತದ ತಳಿಗಳನ್ನು ಕಾಪಾಡಿದ್ದಾರೆ. 'ರಾಜಕಯಮೆ' ಎಂಬ ತಳಿಯನ್ನು ಉಳಿಸಿ ಹಲವು ಕಡೆಯ ರೈತರಿಗೆ ಬೀಜ ಹಂಚಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು.

ನಮ್ಮ ಬಂಟ್ವಾಳ ತಾಲೂಕಿನಲ್ಲೇ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಇದ್ದಾರೆ. ಅವರು ಕೂಲಿ ಕೆಲಸ ಮಾಡುತ್ತಿದ್ದವರು. ಸಿಕ್ಕಿದ ಬೋಳು ಗುಡ್ಡೆಯಲ್ಲಿ ನೀರಿಗಾಗಿ ಒಬ್ಬರೇ ಸುರಂಗ ಕೊರೆದರು. ಒಂದರಲ್ಲಿ ನೀರು ಸಿಗಲಿಲ್ಲ. ಇನ್ನೊಂದು ಕೊರೆದರು. ಅದರಲ್ಲೂ ಸಿಗಲಿಲ್ಲ. ಬಿಡದೆ ಕೊರೆದು ಕೊನೆಗೆ ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೂ ಪದ್ಮಶ್ರೀ ಬಂತು.

ಇವರ ಹೆಸರು ನಮಗೆ ಗೊತ್ತಾದದ್ದು ಹೇಗೆ? ಯಾರೋ ಹೋಗಿ ನೋಡಿದರು. ಕೇಳಿದರು. ಬರೆದರು. ಹೆಸರು ಗೊತ್ತಾಗದೆ ದುಡಿದವರು ಇನ್ನೂ ಎಷ್ಟು ಜನ! ಅವರಲ್ಲಿ ಹೆಂಗಸರೇ ಹೆಚ್ಚು. ನೇಜಿ ನೆಟ್ಟವರು, ಬೀಜ ತೆಗೆದಿಟ್ಟವರು, ಕೊಯ್ದವರು, ಬೇಯಿಸಿದವರು. ಅವರ ಹೆಸರನ್ನು ಯಾರು ಬರೆಯಬೇಕು? ನೀವೇ ಬರೆಯಬೇಕು.

ಅಕ್ಷರ ಯಾಕೆ ಬೇಕು?

ಹರೇಕಳ ಹಾಜಬ್ಬರ ಹೆಸರು ಕೇಳಿದ್ದೀರಿ. ಅವರು ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದರು. ಶಾಲೆಗೆ ಹೋದವರಲ್ಲ. ಒಂದು ದಿನ ವಿದೇಶದವರು ಕಿತ್ತಳೆಯ ಕ್ರಯ ಕೇಳಿದರು. ಅವರ ಭಾಷೆ ಹಾಜಬ್ಬರಿಗೆ ತಿಳಿಯಲಿಲ್ಲ. ಉತ್ತರ ಕೊಡಲು ಆಗಲಿಲ್ಲ. ಆ ನೋವು ಅವರನ್ನು ಬಿಡಲಿಲ್ಲ. ನಮ್ಮ ಊರಿನ ಮಕ್ಕಳಿಗೆ ಹೀಗೆ ಆಗಬಾರದು ಎಂದು ಹಠ ಹಿಡಿದರು. ಕಿತ್ತಳೆ ಮಾರಿದ ಹಣ ಕೂಡಿಸಿದರು. ದಾನಿಗಳ ಹತ್ತಿರ ಹೋದರು. ಸರಕಾರಿ ಕಚೇರಿಗೆ ಅಲೆದರು. ತಮ್ಮ ಊರಿಗೆ ಶಾಲೆ ತಂದರು. 2020ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಘೋಷಿಸಿತು.

ಹಣ್ಣು ಕೈಯಲ್ಲಿ ಇತ್ತು. ಕೊಳ್ಳುವವರು ಎದುರಿಗೆ ಇದ್ದರು. ನಡುವೆ ಮಾತು ಇರಲಿಲ್ಲ. ನಮ್ಮ ಸ್ಥಿತಿಯೂ ಹಾಗೆಯೇ. ಹಪ್ಪಳ ನಮ್ಮ ಕೈಯಲ್ಲಿ ಉಂಟು. ತಿನ್ನುವವರು ಪೇಟೆಯಲ್ಲಿ ಇದ್ದಾರೆ. ನಡುವೆ ಅಕ್ಷರ ಬೇಕು.

"ಫೋನ್‌ಗೆ ಮಾತಾಡಿದರೆ ಅದೇ ಬರೆಯುತ್ತದೆ, ಅಲ್ವಾ?" ಎಂದು ಕೆಲವರು ಹೇಳಬಹುದು. ನಿಜ. ಆದರೆ ಫೋನ್ ತಪ್ಪು ಮಾಡುತ್ತದೆ. 'ಕಣಿಲೆ' ಎಂದರೆ ಬೇರೆ ಏನೋ ಬರೆದೀತು. 50 ರೂಪಾಯಿ ಎಂದರೆ 15 ಎಂದೀತು. ಓದಲು ಬರುವವರು ಮಾತ್ರ ಅದನ್ನು ಹಿಡಿಯಬಹುದು.

ಹೇಗೆ ಶುರು ಮಾಡುವುದು?

ಒಬ್ಬರೇ ಮಾಡುವುದು ಕಷ್ಟ. ನಿಮ್ಮ ಸ್ವಸಹಾಯ ಗುಂಪಿನಲ್ಲಿ ಮಾತಾಡಿ. ಹತ್ತು ಜನ ಸೇರಿ.

ಮೊದಲು ಒಂದು ಪುಸ್ತಕ ಇಡಿ. ಯಾವ ಮನೆಯಲ್ಲಿ ಏನು ಬೆಳೆಯುತ್ತಾರೆ, ಯಾವ ತಿಂಗಳಲ್ಲಿ ಸಿಗುತ್ತದೆ, ಎಷ್ಟು ಸಿಗುತ್ತದೆ ಎಂದು ಬರೆಯಿರಿ. ಈ ಪುಸ್ತಕವೇ ಜಾಲತಾಣದ ಬೇರು.

ಆಮೇಲೆ ಹಿರಿಯರ ಹತ್ತಿರ ಹೋಗಿ. ಅಜ್ಜಿಯರಿಂದ ಅಡುಗೆಯ ಕ್ರಮ ಕೇಳಿ. ಹೇಳಿದ ಹಾಗೆಯೇ ಬರೆಯಿರಿ. ಅವರ ಹೆಸರು ಹಾಕಬಹುದಾ, ಚಿತ್ರ ತೆಗೆಯಬಹುದಾ ಎಂದು ಕೇಳಿ. ಬೇಡ ಎಂದರೆ ಬಿಡಿ.

ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ. ಬೆಳೆ ಕಾಣಲಿ. ಬೆಳೆದವರ ಮುಖವೂ ಕಾಣಲಿ.

ಪುಟಗಳನ್ನು ಜೋಡಿಸಲು ಕಾಲೇಜಿಗೆ ಹೋಗುವ ಮಕ್ಕಳ ಸಹಾಯ ಪಡೆಯಿರಿ. ಆದರೆ ಒಂದು ಮಾತು ನೆನಪಿರಲಿ. ಜಾಲತಾಣಕ್ಕೆ ಬೀಗದ ಕೈಯ ಹಾಗೆ ಒಂದು ಗುಟ್ಟಿನ ಪದ ಇರುತ್ತದೆ. ಅದು ಮಾಡಿಕೊಟ್ಟ ಹುಡುಗನ ಹತ್ತಿರ ಮಾತ್ರ ಇರಬಾರದು. ಅವನು ನಾಳೆ ಕೆಲಸಕ್ಕೆ ಬೆಂಗಳೂರಿಗೆ ಹೋದರೆ ತಾಣಕ್ಕೆ ಬೀಗ ಬಿದ್ದ ಹಾಗೆಯೇ. ಗುಟ್ಟಿನ ಪದವನ್ನು ಗುಂಪಿನ ಇಬ್ಬರು ಹೆಂಗಸರು ಬರೆದು ಜೋಪಾನವಾಗಿ ಇಟ್ಟುಕೊಳ್ಳಲಿ. ತಾಣದ ಹೆಸರೂ ಗುಂಪಿನ ಹೆಸರಿನಲ್ಲೇ ಇರಲಿ.

ಒಂದು ಪುಟ ಹೀಗೆ ಇರಲಿ

ತಿಂಡಿಯ ಹೆಸರು: ಹಲಸಿನಕಾಯಿ ಹಪ್ಪಳ.
ಹಲಸು ಬೆಳೆದವರು: ..........
ಹಪ್ಪಳ ಮಾಡಿದವರು: ..........
ಊರು: ..........
ಮಾಡುವ ಕಾಲ: ಬೇಸಿಗೆ. ಬಿಸಿಲು ಚೆನ್ನಾಗಿ ಇರುವಾಗ.
ಮಾಡುವ ಕ್ರಮ: ಬಲಿತ ಕಾಯಿಯ ಸೊಳೆ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಕಡೆದು, ಉಂಡೆ ಮಾಡಿ, ಒತ್ತಿ, ಬಿಸಿಲಿನಲ್ಲಿ ಒಣಗಿಸಿದ್ದು.
ಎಷ್ಟು ಉಂಟು: ..........
ಕ್ರಯ: ..........

ಖಾಲಿ ಇರುವ ಜಾಗದಲ್ಲಿ ನೀವು ಬರೆಯಿರಿ.

ಮುಗಿದ ಮೇಲೆ "ಈ ವರ್ಷದ್ದು ಮುಗಿಯಿತು" ಎಂದು ಬರೆಯಲು ಮರೆಯಬೇಡಿ. ಇಲ್ಲದ್ದನ್ನು ಇದೆ ಎಂದು ತೋರಿಸಿದರೆ ಜನರಿಗೆ ನಂಬಿಕೆ ಹೋಗುತ್ತದೆ.

ಕ್ರಯದ ಲೆಕ್ಕ

ಕ್ರಯ ಹೇಗೆ ಇಡುವುದು? ನಮ್ಮ ದುಡಿಮೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಇಲ್ಲೇ ತಪ್ಪುತ್ತೇವೆ.

ಒಂದು ಲೆಕ್ಕ ಮಾಡಿ ನೋಡೋಣ. ಇದು ರೀತಿ ತೋರಿಸುವುದಕ್ಕೆ ಮಾತ್ರ.

ಮೂವರು ಹೆಂಗಸರು ಒಂದು ದಿನ ದುಡಿದು 500 ಹಪ್ಪಳ ಮಾಡಿದರು ಎಂದು ಇಟ್ಟುಕೊಳ್ಳಿ. ಒಬ್ಬರ ಕೂಲಿ 400 ರೂಪಾಯಿ ಎಂದು ಹಿಡಿದರೆ ಮೂವರಿಗೆ 1,200 ರೂಪಾಯಿ. ಸೌದೆ, ಉಪ್ಪು, ಮೆಣಸಿಗೆ 150 ರೂಪಾಯಿ. ಕಟ್ಟುವ ಲಕೋಟೆಗೆ 100 ರೂಪಾಯಿ. ಒಟ್ಟು 1,450 ರೂಪಾಯಿ. ಅಂದರೆ ಒಂದು ಹಪ್ಪಳಕ್ಕೆ 2 ರೂಪಾಯಿ 90 ಪೈಸೆ ಬಿತ್ತು. ಹಲಸಿನಕಾಯಿಯ ಕ್ರಯವನ್ನು ಇನ್ನೂ ಸೇರಿಸಿಯೇ ಇಲ್ಲ!

ಅಂಗಡಿಯವರು ಒಂದಕ್ಕೆ 2 ರೂಪಾಯಿ ಕೊಟ್ಟರೆ 500ಕ್ಕೆ ಸಿಗುವುದು 1,000 ರೂಪಾಯಿ. ಕಡಿಮೆ ಬಿದ್ದ 450 ರೂಪಾಯಿ ಯಾರದು? ಅದು ನಿಮ್ಮ ಬೆವರಿನದು.

ಜಾಲತಾಣ ಮಾಡಿದ ಕೂಡಲೇ ಹಣದ ಹೊಳೆ ಹರಿಯುವುದಿಲ್ಲ. ಅಂಚೆಯ ಖರ್ಚು ಇದೆ. ಹಪ್ಪಳ ದಾರಿಯಲ್ಲಿ ಮುರಿಯಬಹುದು. ಮೊದಲು ಹತ್ತಿರದವರಿಗೆ ಕೊಡಿ. ಮಂಗಳೂರು, ಮೂಡುಬಿದಿರೆಗೆ ಕೊಡಿ. ನಿಧಾನವಾಗಿ ದೂರಕ್ಕೆ ಹೋಗಿ. ಆದರೆ ಕೇಳುವವರು ಹೆಚ್ಚಾದರೆ ಕ್ರಯ ಹೇಳುವ ಧೈರ್ಯ ನಮಗೆ ಬರುತ್ತದೆ. ಅಂಗಡಿಯವರ ಹತ್ತಿರವೂ ಲೆಕ್ಕ ಇಟ್ಟು ಮಾತಾಡಬಹುದು.

ನಿಜವನ್ನೇ ಬರೆಯಿರಿ

ಊಟದ ವಿಷಯದಲ್ಲಿ ಸುಳ್ಳು ಬರೆಯಬಾರದು. ಅರ್ಧ ಮಾತೂ ಬರೆಯಬಾರದು. ಯಾಕೆ?

ಕಣಿಲೆಯನ್ನೇ ನೋಡಿ. ಅದನ್ನು ಹಾಗೆಯೇ ತಿಂದರೆ ವಿಷ. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ಹಾಕಬೇಕು. ದಿನಾ ನೀರು ಬದಲಿಸಬೇಕು. ಆಮೇಲೆ ಚೆನ್ನಾಗಿ ಬೇಯಿಸಬೇಕು. ಇದು ನಮಗೆ ಗೊತ್ತು. ಪೇಟೆಯವರಿಗೆ ಗೊತ್ತಿಲ್ಲ. ಕೆಸುವಿಗೆ ಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ. ಇದೂ ಅವರಿಗೆ ಗೊತ್ತಿಲ್ಲ. ಬಿಡಿಸಿ ಬರೆಯಿರಿ.

ಆಟಿ ಅಮಾವಾಸ್ಯೆಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ಮರದ ಗುರುತು ತಪ್ಪಿದರೆ ಪ್ರಾಣಕ್ಕೇ ಅಪಾಯ. ಕಾಸರಕನ ಮರ ವಿಷ. ಇಂಥದ್ದನ್ನು ತಾಣದಲ್ಲಿ ಮಾರಲು ಹೋಗಬೇಡಿ. ಗುರುತು ಗೊತ್ತಿರುವ ಹಿರಿಯರ ಜೊತೆಯಲ್ಲೇ ಮಾಡುವಂಥದ್ದು ಅದು.

"ಇದು ತಿಂದರೆ ಸಕ್ಕರೆ ಕಾಯಿಲೆ ಗುಣ ಆಗುತ್ತದೆ" ಎಂದೆಲ್ಲ ಬರೆಯಬಾರದು. ಯಾರಾದರೂ ಅದನ್ನು ನಂಬಿ ಮಾತ್ರೆ ಬಿಟ್ಟರೆ? "ನಾವು ಇದನ್ನು ಹೀಗೆ ಮಾಡಿ ತಿನ್ನುತ್ತೇವೆ" ಎಂದು ಬರೆದರೆ ಸಾಕು.

ತಿಂಡಿ ಮಾಡಿ ಮಾರುವವರು ಆಹಾರ ಸುರಕ್ಷತೆ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಮನೆಯಲ್ಲಿ ಮಾಡುವವರಿಗೂ ಇದು ಬೇಕು. 14 ಅಂಕೆಯ ಒಂದು ನಂಬ್ರ ಕೊಡುತ್ತಾರೆ. ಅದನ್ನು ಪ್ಯಾಕೆಟ್ ಮೇಲೆ ಹಾಕಬೇಕು. ತೂಕ, ಕ್ರಯ, ಏನೇನು ಹಾಕಿದೆ, ಯಾವ ದಿನ ಮಾಡಿದ್ದು, ಎಷ್ಟು ದಿನ ಇಡಬಹುದು, ಮಾಡಿದವರ ವಿಳಾಸ, ಇವನ್ನೂ ಬರೆಯಬೇಕು. ನಿಮ್ಮ ಗ್ರಾಮ ಪಂಚಾಯತಿನ ಸಂಜೀವಿನಿ ಒಕ್ಕೂಟದಲ್ಲಿ ಕೇಳಿ. ದಾರಿ ಹೇಳುತ್ತಾರೆ.

ಮೋಸದ ಬಗ್ಗೆ ಎಚ್ಚರ

ಫೋನ್‌ನಲ್ಲಿ ಒಳ್ಳೆಯವರೂ ಇದ್ದಾರೆ. ಮೋಸಗಾರರೂ ಇದ್ದಾರೆ.

ಒಬ್ಬ ಫೋನ್ ಮಾಡುತ್ತಾನೆ. "ನಿಮ್ಮ ಹಪ್ಪಳ ಎಲ್ಲಾ ನಮಗೇ ಬೇಕು. ಹಣ ಕಳುಹಿಸುತ್ತೇನೆ. ಪಿನ್ ಒತ್ತಿ" ಎನ್ನುತ್ತಾನೆ. ಒತ್ತಬೇಡಿ! ಹಣ ಬರುವುದಕ್ಕೆ ಪಿನ್ ಬೇಡ. ಹಣ ಹೋಗುವುದಕ್ಕೆ ಮಾತ್ರ ಪಿನ್ ಬೇಕು. ಈ ಒಂದು ಮಾತು ನೆನಪಿದ್ದರೆ ಸಾಕು.

ಫೋನ್‌ಗೆ ಬಂದ ಗುಟ್ಟಿನ ಅಂಕೆ, ಅಂದರೆ ಓಟಿಪಿ, ಯಾರಿಗೂ ಹೇಳಬೇಡಿ. ಬ್ಯಾಂಕಿನವರು ಎಂದರೂ ಹೇಳಬೇಡಿ. ಆಧಾರ್ ಕಾರ್ಡಿನ ಚಿತ್ರ ತಾಣದಲ್ಲಿ ಹಾಕಬೇಡಿ. ಮನೆಯ ನಂಬ್ರದ ಬದಲು ಗುಂಪಿನ ಒಂದು ನಂಬ್ರ ಕೊಡಿ. ಮೋಸ ಆಯಿತು ಎಂದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ಸುಮ್ಮನೆ ಇರಬೇಡಿ. ಬೇಗ ಹೇಳಿದಷ್ಟೂ ಒಳ್ಳೆಯದು.

ಮೊದಲು ನಮ್ಮ ಬಟ್ಟಲಿಗೆ

ಕೊನೆಗೆ ಒಂದು ಮಾತು. ಮಾರಬೇಕು ಎಂದು ಎಲ್ಲವನ್ನೂ ಮಾರಬೇಡಿ. ಒಳ್ಳೆಯ ಬಾಳೆಹಣ್ಣು ಪೇಟೆಗೆ, ಕೊಳೆತದ್ದು ಮಕ್ಕಳಿಗೆ ಎಂದು ಆಗಬಾರದು. ಬಿತ್ತನೆಗೆ ಬೇಕಾದ ಬೀಜವನ್ನು ತೆಗೆದಿಟ್ಟು ಉಳಿದದ್ದನ್ನು ಕೊಡಿ. ಬಡಿಸುವ ಹೆಂಗಸು ಕೊನೆಗೆ ಉಳಿದದ್ದನ್ನು ತಿನ್ನುವುದೂ ಸರಿಯಲ್ಲ. ಊಟಕ್ಕೆ ಗೌರವ ಕೊಡಬೇಕಾದರೆ ಮಾಡಿದವಳೂ ಹೊಟ್ಟೆ ತುಂಬಾ ಉಣ್ಣಬೇಕು.

ಜಗಲಿಯಲ್ಲಿದ್ದ ಆ ಅತ್ತೆ, ಸೊಸೆ ನೆನಪಿದ್ದಾರಾ? ಅವತ್ತು ಸಂಜೆ ಸೊಸೆ ಒಂದು ಕಾಗದ ತಂದರು. "ಅತ್ತೆ, ನಿಮ್ಮ ಹೆಸರು ನೀವೇ ಬರೆಯಿರಿ" ಎಂದರು. ಅತ್ತೆಯ ಕೈ ಸ್ವಲ್ಪ ನಡುಗಿತು. ಒಂದು ಅಕ್ಷರ ದೊಡ್ಡದಾಯಿತು. ಒಂದು ಅಕ್ಷರ ಸಣ್ಣದಾಯಿತು.

"ಸೊಟ್ಟ ಆಯಿತಾ ಮಗಾ?"

"ಸೊಟ್ಟ ಆದರೇನು ಅತ್ತೆ? ಓದಲು ಬರುತ್ತದೆ. ಇದೇ ಪ್ಯಾಕೆಟ್ ಮೇಲೆ ಇರಲಿ."

ಓದಿ, ಯೋಚಿಸಿ, ಬರೆಯಿರಿ

1. 'ಬಾಕಾಹು' ಎಂದರೆ ಏನು? ಅದನ್ನು ಹೇಗೆ ಮಾಡುತ್ತಾರೆ?

2. ಫೋನ್‌ನಲ್ಲಿ ಹಣ ಬರುವುದಕ್ಕೆ ಪಿನ್ ಬೇಕಾ?

3. ನಿಮ್ಮ ಊರಿನಲ್ಲಿ ಒಳ್ಳೆಯ ಗುಣದ ಹಲಸು, ಮಾವು, ಬಾಳೆ ಯಾರ ಮನೆಯಲ್ಲಿ ಇದೆ? ಮೂರು ಮನೆಯವರ ಹೆಸರು ಬರೆಯಿರಿ.

4. ನಿಮ್ಮ ಅಜ್ಜಿ ಮಾಡುತ್ತಿದ್ದ ಒಂದು ಅಡುಗೆಯ ಕ್ರಮವನ್ನು ಐದು ಸಾಲಿನಲ್ಲಿ ಬರೆಯಿರಿ. ಕೆಳಗೆ ಅಜ್ಜಿಯ ಹೆಸರು ಬರೆಯಿರಿ. ಅದರ ಕೆಳಗೆ ನಿಮ್ಮ ಹೆಸರು ಬರೆಯಿರಿ.